ಮುಳ್ಳು ಏನು ಹೇಳುತ್ತದೆ?



ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಪಿಕಪ್ ಗಾಡಿ ನೋಡದವರು ಯಾರು? ರೇಷ್ಮೆ ಗೂಡು, ಮಾವಿನಹಣ್ಣು, ತೆಂಗಿನಕಾಯಿ ಎಲ್ಲವನ್ನೂ ಅದರಲ್ಲಿ ಸಾಗಿಸುತ್ತೇವೆ. ಕೆಲವರು ಸಾಲ ಮಾಡಿ ಗಾಡಿ ಕೊಂಡಿದ್ದೇವೆ. ಕೆಲವರು ಬಾಡಿಗೆ ಕೊಟ್ಟು ಡ್ರೈವರ್ ಪಕ್ಕದಲ್ಲಿ ಕೂತು ಹೋಗುತ್ತೇವೆ. ಗಾಡಿ ಯಾರದೇ ಇರಲಿ, ಅದರಲ್ಲಿರುವ ಗೂಡು ನಮ್ಮದು. ಹಗಲು ರಾತ್ರಿ ಹುಳು ಸಾಕಿದ ದುಡಿಮೆ ನಮ್ಮದು. ದಾರಿಯಲ್ಲಿ ಗಾಡಿ ಕೆಟ್ಟರೆ ನಷ್ಟವೂ ನಮ್ಮದೇ.

ಗಾಡಿ ಬಿಸಿಯಾಗಿ ಕೆಡುವ ಮೊದಲು ಒಂದು ಸೂಚನೆ ಕೊಡುತ್ತದೆ. ಅದನ್ನು ಓದಲು ಕಲಿಯೋಣ.

ಎಷ್ಟು ಬಿಸಿ ಇರಬೇಕು?

ಬಿಸಿ ಅಳೆಯುವುದು ನಮಗೆ ಹೊಸದಲ್ಲ. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಬೇಕು. ದೊಡ್ಡ ಹುಳುವಿಗೆ 24, 25 ಡಿಗ್ರಿ ಸಾಕು. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಅದು ಹೆಚ್ಚಾದರೆ ಜ್ವರ.

ಇಂಜಿನ್‌ಗೂ ಅದರದೇ ಲೆಕ್ಕ ಉಂಟು. ಒಳಗೆ ಡೀಸೆಲ್ ಉರಿಯುತ್ತದೆ. ಇಂಜಿನ್ ಕಾಯುತ್ತದೆ. ಸುತ್ತಲೂ ಹರಿಯುವ ನೀರು ಆ ಬಿಸಿಯನ್ನು ಹೊತ್ತು ಮುಂದಿನ ರೇಡಿಯೇಟರ್‌ಗೆ ಬರುತ್ತದೆ. ಅಲ್ಲಿ ಗಾಳಿಗೆ ತಣಿದು ಮತ್ತೆ ಇಂಜಿನ್‌ಗೆ ಹೋಗುತ್ತದೆ. ಈ ನೀರಿನಲ್ಲಿ ಕೂಲೆಂಟ್ ಎಂಬ ಬಣ್ಣದ ದ್ರವ ಬೆರೆಸಿರುತ್ತಾರೆ. ಓಡುವ ಗಾಡಿಯಲ್ಲಿ ಈ ನೀರು ಸುಮಾರು 80ರಿಂದ 100 ಡಿಗ್ರಿ ಬಿಸಿ ಇರುತ್ತದೆ. ಇದು ಜ್ವರವಲ್ಲ. ಇಂಜಿನ್‌ಗೆ ಇದೇ ಆರೋಗ್ಯ.

ಮುಳ್ಳನ್ನು ಓದುವುದು ಹೇಗೆ?

ಸ್ಟೇರಿಂಗ್ ಹಿಂದೆ ಗಡಿಯಾರದಂಥ ಮೀಟರ್‌ಗಳಿವೆ. ಒಂದರ ಎರಡು ತುದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಒಂದು ಅರ್ಧಚಂದ್ರನ ಹಾಗಿದೆ. ಅದು 'ಸಿ'. ಸಿ ಎಂದರೆ ತಣ್ಣಗಿದೆ. ಇನ್ನೊಂದು ಏಣಿಯ ಒಂದು ಮೆಟ್ಟಿಲ ಹಾಗಿದೆ: ನಿಂತ ಗೆರೆ ಎರಡು, ನಡುವೆ ಅಡ್ಡ ಗೆರೆ ಒಂದು. ಅದು 'ಎಚ್'. ಎಚ್ ಎಂದರೆ ಬಿಸಿ.

ಬೆಳಗ್ಗೆ ಗಾಡಿ ಹೊರಟಾಗ ಮುಳ್ಳು ಸಿ ಹತ್ತಿರ ಇರುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ನಡುವಿಗೆ ಬಂದು ನಿಲ್ಲುತ್ತದೆ. ಕೆಲವು ಗಾಡಿಯಲ್ಲಿ ನಡುವಿಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ. ನಮ್ಮ ಗಾಡಿಯ ಮುಳ್ಳು ದಿನಾ ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳೋಣ. ಭಾರ ಹೊತ್ತು ಏರು ಹತ್ತುವಾಗ ಅದು ಸ್ವಲ್ಪ ಮೇಲೆ ಹೋಗಬಹುದು. ಏರು ಮುಗಿದ ಮೇಲೆ ಇಳಿಯಬೇಕು. ಇಳಿಯದೆ ಎಚ್ ಕಡೆಗೇ ಹೋದರೆ ಅಪಾಯ.

ಕೆಲವು ಗಾಡಿಯಲ್ಲಿ ಮುಳ್ಳು ಇಲ್ಲ, ದೀಪ ಇದೆ. ಕೆಂಪು ದೀಪ ಹತ್ತಿದರೆ ಗಾಡಿ ನಿಲ್ಲಿಸಬೇಕು.

ಕುಕ್ಕರ್ ಹೇಳುವ ಪಾಠ

ರಾಮನಗರ ಸಮುದ್ರಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97, 98 ಡಿಗ್ರಿಗೇ ಕುದಿಯುತ್ತದೆ. ಹಾಗಾದರೆ 100 ಡಿಗ್ರಿಯಲ್ಲೂ ಗಾಡಿಯ ನೀರು ಯಾಕೆ ಕುದಿಯಲ್ಲ?

ನಮ್ಮ ಕುಕ್ಕರ್ ನೆನೆಯಿರಿ. ಮುಚ್ಚಳ ಬಿಗಿಯಾಗಿರುತ್ತದೆ. ಹಬೆ ಹೊರಗೆ ಹೋಗಲ್ಲ. ಒಳಗೆ ಒತ್ತಡ ಏರುತ್ತದೆ. ಆಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ರೇಡಿಯೇಟರ್ ಮುಚ್ಚಳವೂ ಹೀಗೇ ಒತ್ತಡ ಹಿಡಿದಿರುತ್ತದೆ.

ಸೀಟಿ ಕೂಗುವಾಗ ಕುಕ್ಕರ್ ಮುಚ್ಚಳ ತೆಗೆಯುತ್ತೇವೆಯೇ? ಇಲ್ಲ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳವನ್ನೂ ತೆಗೆಯಬಾರದು. ಕುದಿಯುವ ನೀರು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಕಣ್ಣೇ ಹೋಗಬಹುದು.

ಮುಳ್ಳು ಏರಿದರೆ ಏನು ಮಾಡಬೇಕು?

"ಅಣ್ಣಾ, ಮುಳ್ಳು ಮೇಲಕ್ಕೆ ಹೋಯ್ತಾ ಐತೆ. ಗಾಡಿ ನಿಲ್ಸಿ."

"ಮಾರ್ಕೆಟ್ ಇಲ್ಲೇ ಐತಲ್ಲಕ್ಕಾ. ಹರಾಜು ತಪ್ಪೋಯ್ತದೆ. ಹೋಗ್ಬುಡೋಣ."

"ಹರಾಜು ನಾಳೆನೂ ಐತೆ. ಇಂಜಿನ್ ಹೋದ್ರೆ ಸಾಲದ ಕಂತು ಹೆಂಗೆ ಕಟ್ಟಾದು? ನಿಲ್ಸಿ."

ಹೀಗೆ ಹೇಳುವ ಧೈರ್ಯ ನಮಗೆ ಬರಬೇಕು. ಬಿಸಿ ಮೀರಿದ ಇಂಜಿನ್ ಓಡಿಸಿದರೆ ಅದರ ಹೆಡ್ ಬಾಗುತ್ತದೆ, ಇಲ್ಲವೇ ಇಂಜಿನ್ ಹಿಡಿದು ನಿಲ್ಲುತ್ತದೆ. ಆ ರಿಪೇರಿಗೆ ಗೂಡಿನ ಹಣವೆಲ್ಲ ಹೋಗಬಹುದು.

1. ಗಾಡಿಯನ್ನು ಪಕ್ಕಕ್ಕೆ, ಆದರೆ ನೆರಳಿಗೆ ನಿಲ್ಲಿಸಿ. ಇಂಜಿನ್ ಆರಿಸಿ.
2. ಅರ್ಧ ಗಂಟೆಯಾದರೂ ಕಾಯಿರಿ. ಮುಚ್ಚಳ ಮುಟ್ಟಬೇಡಿ.
3. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಬಿರುಕು ಬಿಡುತ್ತದೆ.
4. ಗೂಡಿನ ಚೀಲಗಳ ಬಾಯಿ ಬಿಚ್ಚಿ, ಗಾಳಿ ಆಡಲಿ. ಗೂಡಿನೊಳಗಿನ ಹುಳುವಿಗೂ ಉಸಿರು ಬೇಕು.
5. ಇಂಜಿನ್ ಪೂರ್ತಿ ತಣಿದ ಮೇಲೆ ಡ್ರೈವರ್ ನೀರಿನ ಮಟ್ಟ ನೋಡಲಿ. ಪೈಪ್ ಸೋರಿದೆಯೇ, ಫ್ಯಾನ್ ಬೆಲ್ಟ್ ಹರಿದಿದೆಯೇ ನೋಡಲಿ.

ಯಾರಿಗಾದರೂ ಬಿಸಿ ನೀರು ಸಿಡಿದರೆ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಶಾಯಿ, ಪೇಸ್ಟ್ ಹಚ್ಚಬೇಡಿ. 108ಕ್ಕೆ ಫೋನ್ ಮಾಡಿ.

ಬೋರ್ ನೀರು ಹಾಕಬಹುದೇ?

ಬೋರ್ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿರುತ್ತದೆ. ರೇಡಿಯೇಟರ್ ಒಳಗೂ ಹಾಗೇ ಕಟ್ಟಿದರೆ ನೀರು ಹರಿಯಲ್ಲ. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಮಾತ್ರ ಹಾಕಬಹುದು. ಆಮೇಲೆ ಗ್ಯಾರೇಜಿನಲ್ಲಿ ಅದನ್ನು ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸಬೇಕು.

ಎಚ್ಚರ! ಕೂಲೆಂಟ್ ವಿಷ. ರುಚಿ ಸಿಹಿ. ಮಕ್ಕಳು, ದನಕರು, ನಾಯಿಗಳಿಗೆ ಸಿಗದಂತೆ ಇಡೋಣ.

ಓದಿ, ಬರೆಯಿರಿ

ಮುಳ್ಳು, ಹಬೆ, ಒತ್ತಡ, ಮುಚ್ಚಳ, ಎಚ್ಚರ.

ಉತ್ತರ ಹೇಳಿ

1. ಓಡುವ ಗಾಡಿಯ ನೀರು ಎಷ್ಟು ಡಿಗ್ರಿ ಬಿಸಿ ಇರುತ್ತದೆ?
2. ಬಿಸಿ ರೇಡಿಯೇಟರ್ ಮುಚ್ಚಳ ಯಾಕೆ ತೆಗೆಯಬಾರದು?
3. ಮುಂದಿನ ಸಲ ಗಾಡಿ ಹತ್ತಿದಾಗ ಮುಳ್ಳು ಎಲ್ಲಿದೆ ನೋಡಿ. ಅದರ ಚಿತ್ರ ಬರೆದು ಕಲಿಕಾ ಕೇಂದ್ರಕ್ಕೆ ತನ್ನಿ.