ಬ್ಯಾಟರಿ ಬದಲಿಸಿದಾಗ ಕಾರಿಗೆ ಬರುವುದು ಮರೆವೋ, ಹಾನಿಯೋ?

ನಮ್ಮ ಮಾಮು ಮೂಗೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ಮದುವೆ, ಜಾತ್ರೆ, ಮೈಸೂರಿನ ಆಸ್ಪತ್ರೆ ಎಂದು ಸುತ್ತಲಿನ ಊರಿನವರು ಹೊತ್ತಲ್ಲದ ಹೊತ್ತಿನಲ್ಲೂ ಅವರಿಗೆ ಫೋನ್ ಮಾಡುತ್ತಾರೆ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿಸಿದ ದಿನವೇ ಕಾರು ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಆಫ್ ಆಗತೊಡಗಿತು. ಗ್ಯಾರೇಜಿನವರು, "ಭಾಯ್, ಇದರ ಕಂಪ್ಯೂಟರ್ ಹೋಗಿದೆ, ಬದಲಾಯಿಸಬೇಕು" ಎಂದರು. ಅವರು ಹೇಳಿದ ಮೊತ್ತ ಮಾಮುವಿನ ಎರಡು ತಿಂಗಳ ಸಾಲದ ಕಂತಿಗಿಂತ ಹೆಚ್ಚು. ಮಾಮು ಒಪ್ಪದೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದರು. ಅವರು ಒಂದು ಬಿಡಿಭಾಗವನ್ನೂ ಬದಲಿಸದೆ ಅರ್ಧ ಗಂಟೆಯಲ್ಲಿ ಕಾರನ್ನು ಸರಿಮಾಡಿದರು. ಹೇಗೆಂದು ಅವರನ್ನೇ ಕೇಳಿ ತಿಳಿದುಕೊಂಡೆ. ಮನೆಯಲ್ಲಿ ಕಾರು ಇರುವವರಿಗೆಲ್ಲ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಟರಿಯ ಕೆಲಸವೇನು?

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದರು. ಇಂದಿಗೂ ಹೆಚ್ಚಿನ ಕಾರುಗಳಲ್ಲಿ ಇರುವುದು ಅದೇ ಜಾತಿಯದು. ಒಳಗೆ 6 ಕೋಶಗಳಿರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್ ಕೊಡುವುದರಿಂದ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಹಿಂದೆ ಅದರ ಕೆಲಸ ಸೆಲ್ಫ್ ತಿರುಗಿಸುವುದು, ದೀಪ ಮತ್ತು ಹಾರ್ನ್, ಇಷ್ಟೇ ಆಗಿತ್ತು. ಈಗ ಇಂಜಿನ್ ನಡೆಸುವುದೇ ಇಸಿಯು ಎಂಬ ಪುಟ್ಟ ಕಂಪ್ಯೂಟರ್. 1 ಏಪ್ರಿಲ್ 2020ರಿಂದ ದೇಶದಲ್ಲಿ ಬಿಎಸ್6 ನಿಯಮ ಜಾರಿಯಾದ ಮೇಲೆ ಹೊಸ ಕಾರುಗಳಲ್ಲಿ ಸೆನ್ಸರ್‌ಗಳು ಇನ್ನಷ್ಟು ಹೆಚ್ಚಿವೆ. ಕಾರು ಆಫ್ ಆಗಿದ್ದರೂ ಇವುಗಳಲ್ಲಿ ಕೆಲವು ಬ್ಯಾಟರಿಯಿಂದ ಸ್ವಲ್ಪ ಕರೆಂಟ್ ಪಡೆದು ತಮ್ಮ ನೆನಪನ್ನು ಉಳಿಸಿಕೊಂಡಿರುತ್ತವೆ.

ಮರೆವು ಎಂದರೇನು?

ಅಕೌಂಟೆನ್ಸಿಯಲ್ಲಿ ನಾವು ಖರ್ಚು ಬೇರೆ, ನಷ್ಟ ಬೇರೆ ಎಂದು ಕಲಿಯುತ್ತೇವೆ. ಇಲ್ಲಿಯೂ ಹಾಗೆಯೇ: ಮರೆವು ಬೇರೆ, ಹಾನಿ ಬೇರೆ. ಮರೆವು ದುಡ್ಡಿಲ್ಲದೆ ಸರಿಹೋಗುತ್ತದೆ, ಹಾನಿಗೆ ದುಡ್ಡು ತೆರಬೇಕು.

ಬ್ಯಾಟರಿ ಬಿಚ್ಚಿದಾಗ ಗಡಿಯಾರದ ಸಮಯ ಮತ್ತು ರೇಡಿಯೋ ಸ್ಟೇಷನ್‌ಗಳು ಅಳಿಸಿಹೋಗಬಹುದು. ಒಂದೇ ಒತ್ತಿಗೆ ಪೂರ್ತಿ ಮೇಲೇರುವ ಕಿಟಕಿಯ ಗಾಜು ಅರ್ಧಕ್ಕೆ ನಿಲ್ಲಬಹುದು. ಸ್ಟೇರಿಂಗ್‌ಗೆ ಸಂಬಂಧಿಸಿದ ದೀಪ ಹತ್ತಿಕೊಳ್ಳಬಹುದು.

ಮಾಮುವಿನ ಕಾರಿಗೆ ಆದದ್ದೂ ಮರೆವೇ. ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್‌ನಲ್ಲಿ ದಿನ ಕಳೆದಂತೆ ಮಸಿ ಕಟ್ಟುತ್ತದೆ. ಆ ಮಸಿಗೆ ತಕ್ಕಂತೆ ಎಷ್ಟು ಗಾಳಿ ಬಿಟ್ಟರೆ ಐಡ್ಲಿಂಗ್ ಸರಿಯಾಗಿ ನಿಲ್ಲುತ್ತದೆ ಎಂಬುದನ್ನು ಇಸಿಯು ನಿಧಾನವಾಗಿ ಕಲಿತಿರುತ್ತದೆ. ಬ್ಯಾಟರಿ ಬಿಚ್ಚಿದಾಗ ಈ ಪಾಠ ಅಳಿಸಿ, ಹೊಸ ಕಾರಿನ ಲೆಕ್ಕಕ್ಕೆ ಹೋಗುತ್ತದೆ. ಆ ಗಾಳಿ ಸಾಲದೆ ಇಂಜಿನ್ ನಿಂತುಬಿಡುತ್ತದೆ. ಎರಡನೆಯ ಮೆಕ್ಯಾನಿಕ್ ಥ್ರಾಟಲ್ ಒರೆಸಿದರು. ಎಸಿ, ಲೈಟ್ ಎಲ್ಲ ಆಫ್ ಮಾಡಿ ಹತ್ತು ನಿಮಿಷ ಇಂಜಿನ್ ಓಡಲು ಬಿಟ್ಟರು. ಆಮೇಲೆ ಎಸಿ ಹಾಕಿ ಇನ್ನೂ ಸ್ವಲ್ಪ ಹೊತ್ತು ಓಡಿಸಿದರು. ಇಸಿಯು ಪಾಠವನ್ನು ಮತ್ತೆ ಕಲಿತುಕೊಂಡಿತು.

ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದರೆ ಅನೇಕ ಕಾರುಗಳಲ್ಲಿ ಕಿಟಕಿ ಸರಿಹೋಗುತ್ತದೆ. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಆ ದೀಪವೂ ಸಾಮಾನ್ಯವಾಗಿ ಆರುತ್ತದೆ. ಕ್ರಮ ಕಾರಿನಿಂದ ಕಾರಿಗೆ ಬದಲಾಗುವುದರಿಂದ ಕಾರಿನ ಜೊತೆ ಬಂದ ಕೈಪಿಡಿ ನೋಡುವುದು ಒಳ್ಳೆಯದು.

ಹಾನಿ ಹೇಗೆ ಆಗುತ್ತದೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಒಂದು, ಪ್ಲಸ್ ಮೈನಸ್ ಅದಲು ಬದಲಾಗುವುದು. ಒಂದು ಕ್ಷಣ ಉಲ್ಟಾ ತಗುಲಿದರೂ ಫ್ಯೂಸ್ ಮತ್ತು ಡೈನಮೋದೊಳಗಿನ ಡಯೋಡ್ ಸುಟ್ಟುಹೋಗಬಹುದು, ಇಸಿಯುವಿಗೂ ಪೆಟ್ಟು ಬೀಳಬಹುದು.

ಎರಡು, ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ತೆಗೆಯುವುದು. ಡೈನಮೋ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಹಳೆಯ ಕಾಲದಲ್ಲಿ ಹೀಗೆ ಮಾಡುತ್ತಿದ್ದರು, ಈಗಲೂ ಕೆಲವರು ಬಿಟ್ಟಿಲ್ಲ. ಡೈನಮೋದಿಂದ ಬರುವ ಕರೆಂಟಿನ ಏರಿಳಿತವನ್ನು ಬ್ಯಾಟರಿ ದಿಂಬಿನ ಹಾಗೆ ತಡೆಯುತ್ತಿರುತ್ತದೆ. ದಿಂಬು ಎಳೆದರೆ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಜಿಗಿಯಬಹುದು.

ಮೂರು, ಸ್ಪ್ಯಾನರ್ ಪ್ಲಸ್‌ಗೂ ಕಾರಿನ ಬಾಡಿಗೂ ಒಟ್ಟಿಗೆ ತಾಗಿ ಶಾರ್ಟ್ ಆಗುವುದು. ಈಗಿನ ಕಾರುಗಳಲ್ಲಿ ಬಾಡಿಯೇ ಮೈನಸ್. ಆದ್ದರಿಂದ ಮೊದಲು ಮೈನಸ್ ಬಿಚ್ಚಬೇಕು. ಆಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗದು. ಕೂಡಿಸುವಾಗ ಇದರ ತಿರುವು: ಪ್ಲಸ್ ಮೊದಲು, ಮೈನಸ್ ಕೊನೆಗೆ.

ಕೆಲಸದ ಕ್ರಮ

1. ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು. 12ರ ಆಸುಪಾಸಿನಲ್ಲೇ ಇದ್ದರೆ ತೊಂದರೆ ಡೈನಮೋ ಕಡೆಯದು. ಹೊಸ ಬ್ಯಾಟರಿ ಹಾಕಿದರೆ ಅದೂ ಬರಿದಾಗುತ್ತದೆ.

2. ಹಳೆಯ ಬ್ಯಾಟರಿಯ ಮೇಲಿನ ನಂಬರ್ ಓದಿ. ಉದಾಹರಣೆಗೆ 38ಬಿ20ಎಲ್ ಎಂದಿದ್ದರೆ 20 ಎಂಬುದು ಸುಮಾರು 20 ಸೆಂ.ಮೀ. ಉದ್ದ, ಕೊನೆಯ ಅಕ್ಷರ ಪ್ಲಸ್ ಯಾವ ಬದಿಗಿದೆ ಎಂಬುದರ ಗುರುತು. ಎಲ್ ಬದಲು ಆರ್ ಇರುವುದನ್ನು ತಂದರೆ ಪ್ಲಸ್ ಮೈನಸ್ ಜಾಗ ಅದಲು ಬದಲಾಗಿರುತ್ತದೆ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬಾಳಿಕೆ ಬರುವುದಿಲ್ಲ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ ವಿಷಯವನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರ್‌ಗೆ ತಿಳಿಸಬೇಕಾಗುತ್ತದೆ.

3. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಮೊದಲು ಸ್ಕ್ಯಾನ್ ಮಾಡಿಸಿ. ಬ್ಯಾಟರಿ ಬಿಚ್ಚಿದರೆ ದೋಷದ ದಾಖಲೆ ಅಳಿಸಿಹೋಗಬಹುದು. ರೇಡಿಯೋಗೆ ಕೋಡ್ ಬೇಕೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

4. ಎಲ್ಲ ಸ್ವಿಚ್ ಆಫ್ ಮಾಡಿ ಕೀ ತೆಗೆಯಿರಿ. ಕೀಯನ್ನು ಕಾರಿನೊಳಗೆ ಬಿಡಬೇಡಿ, ಬಾಗಿಲು ಲಾಕ್ ಆಗಬಹುದು. ಇಸಿಯು ನಿದ್ದೆಗೆ ಹೋಗಲು ಕೆಲವು ನಿಮಿಷ ಕಾಯಿರಿ.

5. ಮೈನಸ್ ಮೊದಲು ಬಿಚ್ಚಿ. ಆ ಕ್ಲಾಂಪ್‌ನಲ್ಲಿ ಸೆನ್ಸರ್ ಇದ್ದರೆ ಬಡಿಯಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

6. ಕ್ಲಾಂಪ್‌ಗೆ ಹಿಡಿದ ಬಿಳಿ ಹುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು ಪೂರ್ತಿ ಒಣಗಿಸಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದು ಹೊತ್ತಿಕೊಳ್ಳುವ ಅನಿಲ.

7. ಹೊಸದನ್ನು ಅಲುಗಾಡದಂತೆ ಕೂರಿಸಿ, ಪ್ಲಸ್, ಆಮೇಲೆ ಮೈನಸ್ ಬಿಗಿ ಮಾಡಿ. ಸಡಿಲವಾದ ಕ್ಲಾಂಪ್ ಕೂಡ ಕಂಪ್ಯೂಟರ್ ಕೆಟ್ಟಂತೆಯೇ ಆಟವಾಡಿಸುತ್ತದೆ.

ಬಿಲ್ ಮತ್ತು ಹಳೆಯ ಬ್ಯಾಟರಿ

ವಾರಂಟಿ ಕಾರ್ಡಿನಲ್ಲಿ ಮೊದಲ ಭಾಗ ಪೂರ್ತಿ ಉಚಿತ ಬದಲಾವಣೆ, ನಂತರದ ಭಾಗ ರಿಯಾಯಿತಿ ಎಂದು ಇರುತ್ತದೆ. ಆ ಎರಡೂ ತಿಂಗಳುಗಳನ್ನು ಬೇರೆ ಬೇರೆಯಾಗಿ ಓದಿ, ಬಿಲ್ ಮೇಲೆ ತಾರೀಖು ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಹಳೆಯ ಬ್ಯಾಟರಿಗೆ ಕೊಟ್ಟ ಬೆಲೆಯೂ ಬಿಲ್‌ನಲ್ಲಿ ಕಾಣಲಿ. ಅದನ್ನು ಒಡೆದು ಸೀಸ ಕರಗಿಸುವವರ ಕೈಗೆ ಕೊಡಬೇಡಿ. ಸೀಸದ ವಿಷ ಮೊದಲು ತಾಗುವುದು ಅಲ್ಲಿ ಆಡುವ ಮಕ್ಕಳಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದ್ದು. ಅಂಗಡಿಗೇ ಹಿಂದಿರುಗಿಸಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು.

ಯಾರಾದರೂ "ಕಂಪ್ಯೂಟರ್ ಹೋಗಿದೆ" ಎಂದರೆ ದುಡ್ಡು ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿ: ಕ್ಲಾಂಪ್ ಬಿಗಿಯಾಗಿದೆಯೇ? ಫ್ಯೂಸ್ ನೋಡಿದಿರಾ? ಇಸಿಯುವಿಗೆ ಮತ್ತೆ ಕಲಿಯಲು ಸಮಯ ಕೊಟ್ಟಿರಾ?