ಮೀನು ಮಾತ್ರ ಕೊನೆಗೆ

ಮೊದಲ ಸಂಬಳ ಬಂದ ಕೂಡಲೇ ಏಂಜಲ್ ಮೀನು ಸಾಕುತ್ತೇನೆ ಅಂದೆಯಲ್ಲ, ಬೇಡ ಅನ್ನುವವನು ನಿನ್ನ ದೊಡ್ಡಪ್ಪ ಅಲ್ಲ. ಆದರೆ ಟ್ಯಾಂಕು, ಫಿಲ್ಟರು, ಮರಳು, ಮೀನು ಎಲ್ಲವನ್ನೂ ಒಂದೇ ಭಾನುವಾರ ಆಟೋದಲ್ಲಿ ಹೇರಿಕೊಂಡು ಬರುವ ಯೋಚನೆಯಿದ್ದರೆ ಅದನ್ನು ಇವತ್ತೇ ಬಿಡಮ್ಮ. ಅಂಗಡಿಯವನು ಕೊಟ್ಟು ಕಳಿಸುತ್ತಾನೆ, ಅದು ಅವನ ವ್ಯಾಪಾರ. ನೀನು ಮಾತ್ರ ಟ್ಯಾಂಕು ಬಂದ ದಿನಕ್ಕೂ ಮೀನು ಬರುವ ದಿನಕ್ಕೂ ನಡುವೆ ಒಂದು ತಿಂಗಳಾದರೂ ಬಿಡು.

ಈ ಮೀನಿನ ತವರು ಅಮೆಜಾನ್ ನದಿಯ ಸೀಮೆ. ಹೆಚ್ಚು ಸೆಳವಿಲ್ಲದ ನೀರಿನಲ್ಲಿ, ಮುಳುಗಿದ ಬೇರು, ಬಿದ್ದ ಕೊಂಬೆ, ಜೊಂಡಿನ ನಡುವೆ ಓಡಾಡಿಕೊಂಡಿರುತ್ತದೆ. ಮೈ ಚಪ್ಪಟೆಯಾಗಿರುವುದು ಆ ಸಂದಿಗಳಲ್ಲಿ ನುಸುಳಲು, ಕಪ್ಪು ಪಟ್ಟೆ ಬೇರಿನ ನೆರಳಲ್ಲಿ ಮರೆಯಾಗಲು. ಹಾಗಾಗಿ ಟ್ಯಾಂಕು ಕೊಳ್ಳುವಾಗ ಮೊದಲು ಎತ್ತರ ನೋಡು. ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟಿರುವ ಮರಿ ಬೆಳೆದಾಗ ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಗೆ ಎಂಟು ಇಂಚು ನಿಲ್ಲುತ್ತದೆ. ಒಂದೂವರೆ ಅಡಿಗಿಂತ ಗಿಡ್ಡದ ಟ್ಯಾಂಕು ಬೇಡವೇ ಬೇಡ. ದುಂಡನೆಯ ಗಾಜಿನ ಬೋಗುಣಿಯ ಮಾತಂತೂ ನನ್ನ ಹತ್ತಿರ ಎತ್ತಬೇಡ.

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಒಳ್ಳೆಯ ಅಳತೆ. ತುಂಬಿಸಿದರೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರಿನದೇ 190 ಕೆ.ಜಿ. ಗಾಜು, ಮರಳು, ಸ್ಟ್ಯಾಂಡು ಬೇರೆ. ನಿನ್ನ ಪುಸ್ತಕದ ಕಪಾಟಿನ ಮೇಲೆ ಇಡುವ ವಸ್ತುವಲ್ಲ ಅದು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ, ಹಲಗೆಯ ಮೇಲೆ ಥರ್ಮಾಕೋಲ್ ಹಾಳೆ, ಅದರ ಮೇಲೆ ಟ್ಯಾಂಕು. ಹಲಗೆಯಲ್ಲಿ ಒಂದು ಮೊಳೆಯ ತಲೆ ಎದ್ದಿದ್ದರೂ ಭಾರವೆಲ್ಲ ಆ ಚುಕ್ಕೆಯ ಮೇಲೆ ಬಿದ್ದು ತಳದ ಗಾಜು ಸೀಳುತ್ತದೆ. ಥರ್ಮಾಕೋಲ್ ಅದಕ್ಕೇ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಗಾಜಿನ ತುಂಬ ಪಾಚಿ. ಮನೆ ಮಾಲೀಕರಿಗೂ ಒಂದು ಮಾತು ಹೇಳಿಬಿಡು, ಆಮೇಲೆ ಮುಖ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಇನ್ನು ಆ ಒಂದು ತಿಂಗಳು ಯಾಕೆ ಅಂತ. ಮೀನು ಕಿವಿರುಗಳಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ, ಕೊಳೆತ ತಿಂಡಿಯಿಂದಲೂ ಅದೇ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ಉಸಿರಾಡಿಕೊಂಡಿರಬಹುದು. ಈ ಎರಡೂ ಬಗೆ ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಅರ್ಧ ಗಂಟೆಗೆ ಮೊಸರು ಕೇಳಿದರೆ ಸಿಗುತ್ತದೆಯೇ? ಖಾಲಿ ಟ್ಯಾಂಕಿಗೇ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕು, ಫಿಲ್ಟರ್ ಓಡುತ್ತಿರಲಿ. ಅಂಗಡಿಯಲ್ಲಿ ಪರೀಕ್ಷೆಯ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ಮೀನಿನ ಮಾತು. ಯಾರದಾದರೂ ಹಳೆಯ, ರೋಗವಿಲ್ಲದ ಟ್ಯಾಂಕಿನ ಸ್ಪಂಜು ಸಿಕ್ಕಿ ನಿನ್ನ ಟ್ಯಾಂಕಿನಲ್ಲಿ ಹಿಂಡಿದರೆ ಕೆಲಸ ಬೇಗ ಆಗುತ್ತದೆ. ಬರುವ ಕಂದು ರಾಡಿಗೆ ಹೇಸಬೇಡ, ನಿನಗೆ ಬೇಕಾದದ್ದು ಅದರಲ್ಲೇ ಇದೆ. ಮುಂದೆ ನಿನ್ನ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಉಜ್ಜಬೇಡ, ನಿಮ್ಮಮ್ಮನ ಚೊಕ್ಕಟತನ ಇಲ್ಲಿ ನಡೆಯದು. ಟ್ಯಾಂಕಿನಿಂದ ತೆಗೆದ ನೀರಲ್ಲೇ ಎರಡು ಸಲ ಅದ್ದಿ ಹಿಂಡಿದರೆ ಸಾಕು.

ಬೆಂಗಳೂರಿನ ನಲ್ಲಿಯಲ್ಲಿ ಕಾವೇರಿ ನೀರು ಬಂದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಆಂಟಿಕ್ಲೋರಿನ್ ಹಾಕದೆ ಬಳಸಬೇಡ. ಬೋರ್‌ವೆಲ್ ನೀರು ಗಡಸು. ಅಮೆಜಾನಿನದು ಮೆದು ನೀರಲ್ಲವೇ ಅಂತ ಹೆದರಿ ಪಿಎಚ್ ಇಳಿಸುವ ಬಾಟಲಿ ಕೊಳ್ಳಬೇಡ. ನಮ್ಮಲ್ಲಿ ಮಾರುವ ಏಂಜಲ್‌ಗಳು ತಲೆತಲಾಂತರದಿಂದ ತೊಟ್ಟಿಯಲ್ಲೇ ಹುಟ್ಟಿದವು. ಚೆನ್ನೈನ ಕೊಳತ್ತೂರು ಈ ವ್ಯಾಪಾರಕ್ಕೇ ಹೆಸರಾದ ಊರು. ಸ್ವಲ್ಪ ಗಡಸು ನೀರನ್ನು ಅವು ತಾಳಿಕೊಳ್ಳುತ್ತವೆ, ದಿನಕ್ಕೊಂದು ಬಗೆಯಾಗುವ ನೀರನ್ನು ತಾಳುವುದಿಲ್ಲ. ವಾರಕ್ಕೊಮ್ಮೆ ಕಾಲುಭಾಗ ಬದಲಿಸು, ಅಷ್ಟೇ. ಡಿಸೆಂಬರಿನ ಚಳಿಗೆ ಹೀಟರ್ ಬೇಕು, 26ರಿಂದ 28 ಡಿಗ್ರಿ ಇರಲಿ. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕೀಳುವುದನ್ನು ಮರೆಯಬೇಡ, ನೀರಿನಿಂದ ಹೊರಬಿದ್ದ ಬಿಸಿ ಗಾಜು ಒಡೆಯುತ್ತದೆ. ಕರೆಂಟು ಹೋದಾಗ ಓಡಲು ಬ್ಯಾಟರಿಯ ಏರ್ ಪಂಪ್ ಒಂದಿರಲಿ.

ಮರಿಗಳನ್ನು ಆರಿಸುವಾಗ ಅಂಗಡಿಯವನಿಗೆ ಕಣ್ಣೆದುರೇ ತಿಂಡಿ ಹಾಕಲು ಹೇಳು. ಮುನ್ನುಗ್ಗಿ ತಿನ್ನುವುದನ್ನು ತೋರಿಸಿ ಕೇಳು. ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದದ್ದು, ಹೊಟ್ಟೆ ಒಳಸೇರಿದ್ದು ಬೇಡ. ಐದಾರು ಮರಿ ತಾ. ಗಂಡು ಹೆಣ್ಣು ಗುರುತಿಸಲು ಈ ವಯಸ್ಸಿನಲ್ಲಿ ಯಾರಿಂದಲೂ ಆಗುವುದಿಲ್ಲ, ಬೆಳೆದು ಅವೇ ಜೋಡಿ ಕಟ್ಟಿಕೊಳ್ಳುತ್ತವೆ. ಆಮೇಲೆ ಆ ಜೋಡಿ ಉಳಿದವನ್ನು ಮೂಲೆಗಟ್ಟುತ್ತದೆ, ಆಗ ಅವಕ್ಕೊಂದು ಮನೆ ಹುಡುಕಬೇಕು. ಇದನ್ನು ಅಂಗಡಿಯಲ್ಲಿ ಹೇಳುವುದಿಲ್ಲ.

ಜೊತೆಗೆ ನಿಯಾನ್ ಟೆಟ್ರಾ ಬಿಟ್ಟರೆ ಚಂದ ಕಾಣುತ್ತದೆ ನಿಜ, ಏಂಜಲ್ ಬೆಳೆದ ಮೇಲೆ ಒಂದೊಂದಾಗಿ ಹೊಟ್ಟೆ ಸೇರುತ್ತವೆ. ಗಪ್ಪಿಯ ಮರಿಗಳ ಪಾಡೂ ಅದೇ. ಟೈಗರ್ ಬಾರ್ಬ್ ತಿರುಗಾ ಏಂಜಲ್‌ನ ಉದ್ದ ರೆಕ್ಕೆ ಕಚ್ಚಿ ಚಿಂದಿ ಮಾಡುತ್ತದೆ. ತಳದಲ್ಲಿ ಕೋರಿಡೋರಸ್ ನಾಲ್ಕಾರು ಇದ್ದರೆ ಯಾರ ತಂಟೆಯೂ ಇಲ್ಲ. ಗಾಜು ನೆಕ್ಕಿ ಚೊಕ್ಕ ಮಾಡುತ್ತದೆ ಅಂತ ಸಕ್ಕರ್ ಮೀನು ಕಟ್ಟಿಕೊಟ್ಟರೆ ವಾಪಸು ಕೊಡು. ಅದು ಅಡಿಗಿಂತ ಉದ್ದ ಬೆಳೆಯುತ್ತದೆ, ಆಮೇಲೆ ಜನ ತಂದು ಕೆರೆಗೆ ಬಿಡುತ್ತಾರೆ, ಕೆರೆಯ ಮೀನುಗಳ ಬದುಕು ಕೆಡುತ್ತದೆ. ಸಾಕಲಾಗದ ಯಾವ ಮೀನನ್ನೂ ಕೆರೆಗೆ ಬಿಡಕೂಡದು, ಇದೊಂದರಲ್ಲಿ ನಾನು ಖಡಾಖಂಡಿತ.

ಅಗಲ ಎಲೆಯ ಅಮೆಜಾನ್ ಸ್ವೋರ್ಡ್ ಗಿಡ ನೆಡು. ಜೋಡಿಯಾದವು ಒಂದು ಎಲೆಯನ್ನು ಆರಿಸಿ, ಬಾಯಿಂದ ಕುಕ್ಕಿ ಕುಕ್ಕಿ ಚೊಕ್ಕ ಮಾಡಿ, ಸಾಲಾಗಿ ಮೊಟ್ಟೆ ಅಂಟಿಸುತ್ತವೆ. ಆಮೇಲೆ ಸರದಿಯಂತೆ ನಿಂತು ರೆಕ್ಕೆ ಬೀಸಿ ನೀರಾಡಿಸುತ್ತವೆ, ಬೂಸ್ಟು ಹಿಡಿದು ಬೆಳ್ಳಗಾದದ್ದನ್ನು ಹೆಕ್ಕಿ ತೆಗೆಯುತ್ತವೆ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ಬರಬೇಕು. ಹೊಸ ಜೋಡಿ ಮೊದಮೊದಲು ಮೊಟ್ಟೆಯನ್ನೆಲ್ಲ ತಾನೇ ತಿಂದುಬಿಡುವುದುಂಟು. ಗಾಬರಿಯಾಗಬೇಡ, ಮತ್ತೆ ಇಡುತ್ತವೆ.

ತಿಂಡಿ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ನಿನ್ನನ್ನು ಕಂಡಾಗಲೆಲ್ಲ ಗಾಜಿಗೆ ಬಂದು ಹಸಿದ ಮುಖ ಮಾಡುತ್ತವೆ, ಮರುಳಾಗಬೇಡ. ದಸರೆಗೆ ಊರಿಗೆ ಬರುವಾಗ ಪಕ್ಕದ ಮನೆಯವರ ಕೈಗೆ ತಿಂಡಿಯ ಡಬ್ಬ ಕೊಟ್ಟು ಬರಬೇಡ, ಪ್ರೀತಿಯಿಂದ ಹಿಡಿ ಹಿಡಿ ಸುರಿಯುತ್ತಾರೆ. ನಾಲ್ಕೈದು ದಿನವಾದರೆ ಬೆಳೆದ ಮೀನು ಉಪವಾಸ ಇರುತ್ತದೆ. ಅದಕ್ಕಿಂತ ಹೆಚ್ಚಾದರೆ ದಿನ ಬಿಟ್ಟು ದಿನಕ್ಕೊಂದರಂತೆ ಚಿಕ್ಕ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಟ್ಟು ಬಾ.