ಸಿಂಬಲ್ ಎಳೆದು ಹಾಕುವ ಮೊದಲು

ತಮ್ಮಾ,

ಪ್ಯಾನೆಲ್ ಡ್ರಾಯಿಂಗ್‌ಗೆ ಕ್ಯೂಇಲೆಕ್ಟ್ರೋಟೆಕ್ ಎಂಬ ಉಚಿತ ಸಾಫ್ಟ್‌ವೇರ್ ಹಿಡಿದಿದ್ದೀಯ ಎಂದು ಕೇಳಿ ಸಂತೋಷವಾಯಿತು. ಲೈಸೆನ್ಸಿಗೆ ದುಡ್ಡು ಹೊಂದಿಸಲಾಗದ ಸಣ್ಣ ವರ್ಕ್‌ಶಾಪಿನಿಂದಲೂ ಈಗ ಒಪ್ಪವಾದ ಡ್ರಾಯಿಂಗ್ ಹೊರಬರುತ್ತಿದ್ದರೆ, ಅದರ ಜೊತೆಗೇ ಸಿಗುವ ಸಿಂಬಲ್ ಭಂಡಾರಕ್ಕೂ ಆ ಪುಣ್ಯದಲ್ಲಿ ಪಾಲಿದೆ. ಬಳಸುವವರೇ ತಮ್ಮ ಕೆಲಸಕ್ಕೆಂದು ಬರೆದುಕೊಂಡು, ಉಳಿದವರಿಗೂ ಇರಲಿ ಎಂದು ಕೊಟ್ಟ ಸಿಂಬಲ್‌ಗಳು ಅದರಲ್ಲಿ ರಾಶಿ ರಾಶಿ ಇವೆ. ಆದ್ದರಿಂದಲೇ ಪ್ರತಿಯೊಂದರಲ್ಲೂ ಬರೆದವರ ಕೈಲಿದ್ದ ಮಾಡೆಲ್, ಅವರ ದೇಶದ ರೂಢಿ, ಅವರಿಗೆ ಬೇಕಿದ್ದಷ್ಟೇ ಟರ್ಮಿನಲ್ ಇರುತ್ತವೆ. ನಿನ್ನ ಪ್ಯಾನೆಲ್‌ನಲ್ಲಿ ಕೂರುವ ಸಾಮಾನು ಬೇರೆಯದಾಗಿರಬಹುದು.

ಆಕಾರ ಸರಿಯಿದೆ ಎಂದು ಒಪ್ಪಿಕೊಳ್ಳಬೇಡ, ನಂಬರ್ ನೋಡು. ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಎ1, ಎ2. ಆಕ್ಸಿಲರಿ ಕಾಂಟ್ಯಾಕ್ಟ್‌ನ ಕೊನೆಯ ಅಂಕಿ 3, 4 ಆದರೆ ಎನ್‌ಓ (ಸಹಜ ಸ್ಥಿತಿಯಲ್ಲಿ ತೆರೆದದ್ದು), 1, 2 ಆದರೆ ಎನ್‌ಸಿ (ಸಹಜ ಸ್ಥಿತಿಯಲ್ಲಿ ಮುಚ್ಚಿದ್ದು). ಓವರ್‌ಲೋಡ್ ರಿಲೇಯಲ್ಲಿ 95-96 ಎನ್‌ಸಿ, 97-98 ಎನ್‌ಓ. ಟೈಮರ್‌ನಲ್ಲಿ ಸಾಮಾನ್ಯವಾಗಿ 15 ಕಾಮನ್, 16 ಎನ್‌ಸಿ, 18 ಎನ್‌ಓ. 95-96ರ ಆಕಾರ ಬರೆದು ಯಾರೋ 97-98 ಎಂದು ನಮೂದಿಸಿದ್ದರೆ, ವೈರ್‌ಮನ್ ಆಕಾರ ನೋಡುತ್ತಾ ಕೂರುವುದಿಲ್ಲ, ನಂಬರ್ ನೋಡಿ ಸ್ಕ್ರೂ ಬಿಗಿಯುತ್ತಾನೆ. ಸ್ಟಾರ್ಟ್ ಒತ್ತಿದರೆ ಕಾಂಟ್ಯಾಕ್ಟರ್ ಎತ್ತುವುದೇ ಇಲ್ಲ. ಇದು ಟೆಸ್ಟಿಂಗ್‌ನಲ್ಲೇ ಸಿಕ್ಕಿಬೀಳುವ ತಪ್ಪು.

ನನಗೆ ಹೆದರಿಕೆಯಿರುವುದು ಇನ್ನೊಂದರ ಬಗ್ಗೆ. ಭಂಡಾರದ ಎನ್‌ಓ ಸಿಂಬಲ್‌ಗೆ 13-14 ಎಂದು ಮೊದಲೇ ಬರೆದಿದೆ ಎಂದಿಟ್ಟುಕೋ. ಒಂದೇ ಕಾಂಟ್ಯಾಕ್ಟರ್‌ನ ಹೆಸರಲ್ಲಿ ಅದನ್ನು ಎರಡು ಪುಟಗಳಲ್ಲಿ ಹಾಕಿದೆ: ಒಂದು ಕಡೆ ಪಿಎಲ್‌ಸಿಯ 24 ವೋಲ್ಟ್ ಇನ್‌ಪುಟ್, ಇನ್ನೊಂದು ಕಡೆ 230 ವೋಲ್ಟಿನ ಇಂಡಿಕೇಟರ್ ದೀಪ. ಎರಡು ಪುಟವನ್ನೂ ಬಿಡಿಬಿಡಿಯಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಡ್ರಾಯಿಂಗ್ ನಂಬಿದ ವೈರ್‌ಮನ್ ಎರಡೂ ತಂತಿಗಳನ್ನು ಅದೇ 13-14ಕ್ಕೆ ತಂದು ಸೇರಿಸುತ್ತಾನೆ. ಪಿಎಲ್‌ಸಿ ಕಾರ್ಡ್ ಸುಟ್ಟುಹೋಗುತ್ತದೆ. ಇದನ್ನು ತಡೆಯಲೆಂದೇ ಸಾಫ್ಟ್‌ವೇರ್‌ನಲ್ಲಿ ಮಾಸ್ಟರ್, ಸ್ಲೇವ್ ಎಂಬ ಬಗೆಯ ಸಿಂಬಲ್‌ಗಳಿವೆ. ಕಾಯಿಲ್ ಮಾಸ್ಟರ್, ಕಾಂಟ್ಯಾಕ್ಟ್ ಸ್ಲೇವ್. ಎರಡನ್ನೂ ಜೋಡಿಸಿದರೆ ಯಾವ ಕಾಂಟ್ಯಾಕ್ಟ್ ಯಾವ ಪುಟದಲ್ಲಿ ಖರ್ಚಾಗಿದೆ ಎಂದು ಕಾಯಿಲ್‌ನ ಬಳಿಯೇ ತೋರಿಸುತ್ತದೆ. ಜೋಡಿಸದೆ ಮುಂದೆ ಹೋಗಬೇಡ. ಸಾದಾ ಸಿಂಬಲ್ ಸಿಕ್ಕಿದರೆ ಎಡಿಟರ್‌ನಲ್ಲಿ ತೆರೆದು ಬಗೆ ಬದಲಿಸು, ಐದು ನಿಮಿಷದ ಕೆಲಸ.

ಅಮೆರಿಕನ್ ಸಿಂಬಲ್‌ಗಳನ್ನು ನಮ್ಮವುಗಳ ಜೊತೆ ಬೆರೆಸಬೇಡ. ಅವರ ಎನ್‌ಓ ಕಾಂಟ್ಯಾಕ್ಟ್‌ನ ಎರಡು ಅಡ್ಡಗೆರೆಗಳು ಐಇಸಿ 60617 ಮಾನದಂಡ ಓದಿ ಬೆಳೆದ ನಮ್ಮ ಕಣ್ಣಿಗೆ ಕೆಪಾಸಿಟರ್!

ತಿದ್ದುವಾಗ ಒಂದು ಗಮನದಲ್ಲಿರಲಿ. ನೀನು ಬಳಸಿದ ಸಿಂಬಲ್‌ನ ನಕಲು ಪ್ರಾಜೆಕ್ಟ್ ಫೈಲ್‌ನೊಳಗೇ ಸೇರಿಕೊಂಡಿರುತ್ತದೆ. ಫೈಲ್ ಬೇರೆ ಕಂಪ್ಯೂಟರಿಗೆ ಹೋದರೂ ಡ್ರಾಯಿಂಗ್ ಕೆಡದಿರುವುದು ಅದರಿಂದಲೇ. ಹಾಗೆಯೇ, ಭಂಡಾರದಲ್ಲಿ ಇವತ್ತು ತಿದ್ದಿದ ತಪ್ಪು ಹೋದ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಹಾಗೇ ಕೂತಿರುತ್ತದೆ. ಹಳೆಯದನ್ನು ಕಾಪಿ ಮಾಡಿ ಹೊಸ ಪ್ಯಾನೆಲ್ ಶುರುಮಾಡುವುದು ನಮ್ಮಲ್ಲಿ ಎಲ್ಲರ ಅಭ್ಯಾಸವಾದ್ದರಿಂದ, ತಪ್ಪು ಸಿಕ್ಕ ದಿನವೇ ಅವುಗಳನ್ನೂ ತೆರೆದು ಸರಿಪಡಿಸು.

ಡ್ರಾಯಿಂಗ್‌ನಲ್ಲಿ ಭಂಡಾರದ ಸಿಂಬಲ್ ಬಳಸಲು ಯಾವ ಷರತ್ತೂ ಇಲ್ಲ. ಸಿಂಬಲ್‌ಗಳನ್ನೇ ಬೇರೆಯವರಿಗೆ ಹಂಚಿದರೆ ಮಾತ್ರ ಮೂಲದಲ್ಲಿ ಬರೆದವರ ಹೆಸರು ಉಳಿಸಬೇಕು. ಹೆಸರು ಅಳಿಸಿ ಕಂಪನಿಯ ಸ್ವತ್ತು ಎಂದು ಇಟ್ಟುಕೊಳ್ಳುವುದನ್ನು ನಾನು ಒಪ್ಪಲಾರೆ. ತಿದ್ದಿದ್ದನ್ನು ಭಂಡಾರಕ್ಕೂ ಕಳಿಸು. ಯಾವ ಮಾಡೆಲ್‌ನ ಯಾವ ಕ್ಯಾಟಲಾಗ್ ನೋಡಿ ತಿದ್ದಿದೆ ಎಂದು ಅದರ ಮಾಹಿತಿ ಜಾಗದಲ್ಲಿ ಬರೆದಿರು.

ನಿನ್ನ ಸ್ಟಾರ್-ಡೆಲ್ಟಾ ಡ್ರಾಯಿಂಗ್ ಮುಗಿದ ಮೇಲೆ ಕ್ಯಾಟಲಾಗ್ ಪುಟಗಳ ಸಮೇತ ನನಗೆ ಕಳಿಸು. ಟೈಮರ್‌ನಿಂದಲೇ ಶುರುಮಾಡಿ ಒಂದೊಂದೇ ಟರ್ಮಿನಲ್ ನೋಡೋಣ.

ಇಂತಿ,
ನಿನ್ನ ಅಣ್ಣ